ಹೊಂಗೆ ಹೋಗಿ ಟಬೂಬಿಯಾ ಬಂತು: ಇದ್ಯಾವ ಲೆಕ್ಕ ಸ್ವಾಮಿ?

ಮುಂಗಾರು ಬಿತ್ತು. ಇನ್ನು ಗಿಡ ನೆಡುವ ಫೋಟೋಗಳ ಸುಗ್ಗಿ. ನಡುವೆ ಒಂದು ಬಡಕಲು ಸಸಿ, ಸುತ್ತ ಹನ್ನೆರಡು ಜನ, ಒಬ್ಬರ ಕೈಯಲ್ಲಿ ಮಣ್ಣು ಮುಟ್ಟದ ಹೊಸ ಗುದ್ದಲಿ. 1950ರಲ್ಲಿ ಕೇಂದ್ರದ ಮಂತ್ರಿಯಾಗಿದ್ದ ಕೆ.ಎಂ. ಮುನ್ಷಿಯವರು ವನಮಹೋತ್ಸವ ಅಂತ ಶುರು ಮಾಡಿದ್ದು ಇವತ್ತಿಗೂ ಜುಲೈ ಮೊದಲ ವಾರದಲ್ಲಿ ತಪ್ಪದೆ ನಡೆಯುತ್ತಾ ಬಂದಿದೆ. ನಡೆಯಲಿ, ಸಂತೋಷ. ಗಿಡ ನೆಡುವವರನ್ನು ಹಂಗಿಸುವುದು ಈ ಅಂಕಣದ ಕೆಲಸ ಅಲ್ಲ. ಆದರೆ ಒಂದು ವಿಚಿತ್ರ ನೋಡಿ. ಫೋಟೋದಲ್ಲಿರುವ ಹನ್ನೆರಡು ಮಂದಿಯ ಹೆಸರೂ ಎಡದಿಂದ ಬಲಕ್ಕೆ ಅಚ್ಚಾಗುತ್ತದೆ. ಮಧ್ಯೆ ನಿಂತಿರುವ ಸಸಿಯ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಅಲ್ಲೇ ನಿಂತವರನ್ನು ಕೇಳಿದರೆ, 'ಯಾವುದೋ ಒಂದು ಗಿಡ ಸಾರ್, ನರ್ಸರಿಯಿಂದ ಬಂತು' ಅಂತಾರೆ.

'ಯಾವುದೋ ಒಂದು ಗಿಡ.' ಇವತ್ತಿನ ತಕರಾರು ಇರುವುದೇ ಈ ಮಾತಿನ ಮೇಲೆ.

ತುಮಕೂರು ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಯಾವ ದಾರಿ ಹಿಡಿದು ಹೋದರೂ ಹಿಂದಿನವರು ನೆಟ್ಟ ಮರಗಳ ನೆನಪು ಸಿಕ್ಕೇ ಸಿಗುತ್ತದೆ. ಕೆಲವು ಕಡೆ ಇನ್ನೂ ಮರವೇ ಇದೆ, ಕೆಲವು ಕಡೆ ಬೊಡ್ಡೆ ಇದೆ, ಮಿಕ್ಕ ಕಡೆ 'ಇಲ್ಲಿ ದೊಡ್ಡ ಹುಣಸೆಮರ ಇತ್ತು ಕಣಪ್ಪ' ಎಂಬ ಮಾತು ಇದೆ. ರಸ್ತೆ ಅಗಲ ಆಗಬೇಕು, ನಿಜ. ಲಾರಿಗಳು ಹೆಚ್ಚಿವೆ, ಕಾರುಗಳು ಹೆಚ್ಚಿವೆ, ಅಪಘಾತವೂ ಹೆಚ್ಚಿದೆ. ಮರದ ಮೇಲಿನ ಪ್ರೀತಿಗೆ ಮನುಷ್ಯರು ಸಾಯಲಿ ಅಂತ ಯಾರೂ ಹೇಳುವುದಿಲ್ಲ. ನಮ್ಮ ಪ್ರಶ್ನೆ ಮುಂದಿನದು. ಮರ ಕಡಿದ ಮೇಲೆ ಹೇಳುವ ಸಮಾಧಾನದ ಮಾತು ಎಲ್ಲ ಊರಲ್ಲೂ ಒಂದೇ: ಒಂದಕ್ಕೆ ಹತ್ತು ನೆಡುತ್ತೇವೆ. ಹತ್ತು ಅಂದರೆ ಏನು ಹತ್ತು? ಅರವತ್ತು ವರ್ಷದ ಒಂದು ಹೊಂಗೆ ಹೋಗಿ, ಡಿವೈಡರ್ ಮೇಲೆ ಹತ್ತು ಟಬೂಬಿಯಾ ಬಂದರೆ ಕಾಗದದ ಮೇಲೆ ಒಂಬತ್ತು ಮರ ಲಾಭ. ನೆಲದ ಮೇಲೆ ಏನು ಲಾಭ?

ಕಾನೂನು ಈ ವಿಷಯದಲ್ಲಿ ಪೂರ್ತಿ ಕುರುಡೇನೂ ಅಲ್ಲ. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮ ಅಂತ ಒಂದು ಇದೆ. ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರ ಉರುಳುವುದಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅನುಮತಿ ಕೊಡುವಾಗ, ಕಡಿದದ್ದಕ್ಕೆ ಬದಲಾಗಿ ಅದೇ ಜಾತಿಯ ಅಥವಾ ಬೇರೆ ಯಾವುದಾದರೂ ಯೋಗ್ಯ ಜಾತಿಯ ಗಿಡ ನೆಡಬೇಕೆಂದು ಷರತ್ತು ಹಾಕುವುದಕ್ಕೂ ಅವಕಾಶ ಇದೆ. 'ಯೋಗ್ಯ ಜಾತಿ' ಎಂಬ ಈ ಎರಡು ಪದ ಬಹಳ ಮುಖ್ಯ. ಇದರ ಅರ್ಥ ಏನು ಅಂತ ಯಾರೂ ಕೇಳದೆ ಇದ್ದುದರಿಂದ, ನರ್ಸರಿಯಲ್ಲಿ ಆ ದಿನ ಯಾವ ಪಾಕೆಟ್ ಇದೆಯೋ ಅದೇ ಯೋಗ್ಯ ಜಾತಿ ಎಂಬಂತೆ ಆಗಿಹೋಗಿದೆ.

ಹೊಂಗೆ ಅಂದರೆ ಬರೀ ನೆರಳಲ್ಲ

ಹೊಂಗೆ ನೆರಳಿನ ತಂಪಿನ ಬಗ್ಗೆ ನಮ್ಮ ಜನಕ್ಕೆ ಹೊಸದಾಗಿ ಹೇಳಬೇಕಾದ್ದಿಲ್ಲ. ಬಸ್ಸಿಗೆ ಕಾಯುವವರು, ಎಳನೀರು ಮಾರುವವರು, ಚಪ್ಪಲಿ ಹೊಲೆಯುವವರು, ಸೈಕಲ್ ಪಂಕ್ಚರ್ ಹಾಕುವವರು ಎಲ್ಲರೂ ಹುಡುಕಿಕೊಂಡು ಹೋಗುವ ಮರ ಅದು. ಅದಕ್ಕೆ ಕಾರಣ ಇದೆ. ಹೊಂಗೆ ಎಲೆ ಉದುರಿಸುವುದು ಚಳಿಗಾಲದ ಕೊನೆಗೆ. ಉಗಾದಿ ಹೊತ್ತಿಗೆ ಎಣ್ಣೆ ಹಚ್ಚಿದ ಹಾಗೆ ಮಿಂಚುವ ಹೊಸ ಎಲೆ ಬಂದಿರುತ್ತದೆ. ಬಿಸಿಲು ಏರುವ ಏಪ್ರಿಲ್, ಮೇ ತಿಂಗಳಿಗೆ ಸರಿಯಾಗಿ ಚಪ್ಪರ ತಯಾರು. ಕೆಳಗೆ ಪುರಿ ಚೆಲ್ಲಿದ ಹಾಗೆ ಹೂವು, ಮೇಲೆ ಜೇನಿನ ಸದ್ದು. ಟಬೂಬಿಯಾ, ಗುಲ್‌ಮೊಹರ್‌ಗಳ ಲೆಕ್ಕಾಚಾರ ಬೇರೆ. ಬಿಸಿಲು ಶುರುವಾಗುವ ಹೊತ್ತಿಗೆ ಇವು ಎಲೆಯನ್ನೆಲ್ಲ ಕಳಚಿ ಹೂವು ತೋರಿಸುತ್ತವೆ. ನೋಡಲು ಚೆಂದ. ಕೆಳಗೆ ನಿಂತವನ ತಲೆ ಸುಡುತ್ತದೆ.

ನೆರಳು ಹೋಗಲಿ, ಬೀಜದ ಲೆಕ್ಕಕ್ಕೆ ಬನ್ನಿ. ಹೊಂಗೆ ಬೀಜವನ್ನು ಗಾಣಕ್ಕೆ ಹಾಕಿದರೆ ನೂರು ಕೆ.ಜಿ.ಗೆ ಸುಮಾರು 25 ಕೆ.ಜಿ. ಎಣ್ಣೆ ಸಿಗುತ್ತದೆ. ಕರೆಂಟು, ಸೀಮೆಎಣ್ಣೆ ಇಲ್ಲದ ಕಾಲದಲ್ಲಿ ಹಳ್ಳಿಯ ದೀಪ ಉರಿದದ್ದು ಇದರಲ್ಲೇ. ಸೋಪು ಮಾಡುವವರು, ಚರ್ಮ ಹದ ಮಾಡುವವರು ಕೊಳ್ಳುತ್ತಿದ್ದರು. ದನಗಳ ಮೈಮೇಲಿನ ಕಜ್ಜಿಗೆ ಇದನ್ನು ಬಳಿಯುತ್ತಿದ್ದರು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ತೋಟಕ್ಕೆ ಗೊಬ್ಬರ, ಬೇರು ತಿನ್ನುವ ಹುಳುವಿಗೂ ಅದೇ ಮದ್ದು. ಸೊಪ್ಪು ಗದ್ದೆಗೆ ತುಳಿಯುವುದಕ್ಕೆ. ದ್ವಿದಳ ಜಾತಿಯಾದ್ದರಿಂದ ನೆಲಕ್ಕೆ ಸಾರಜನಕ ಬೇರೆ ಕೊಡುತ್ತದೆ. ಎಲೆ ಕಹಿ, ಆಡು ಕುರಿ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಹಾಗಾಗಿ ಗಿಡಕ್ಕೆ ದೊಡ್ಡ ಬೇಲಿಯ ಖರ್ಚಿಲ್ಲ. ಮರಮುಟ್ಟಿಗೆ ಬರುವುದಿಲ್ಲ, ಹುಳು ಹಿಡಿಯುತ್ತದೆ. ಅದೇ ಅದರ ಅದೃಷ್ಟ ಅನ್ನಿ, ಕಳ್ಳರು ಮುಟ್ಟುವುದಿಲ್ಲ. ಹಾಸನದ ಹತ್ತಿರ ಮಡೇನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಜೈವಿಕ ಇಂಧನ ಉದ್ಯಾನ ಶುರು ಮಾಡಿದಾಗ ಮೊದಲು ಹಿಡಿದದ್ದು ಇಂಥ ಮರಗಳನ್ನೇ: ಹೊಂಗೆ, ಬೇವು, ಹಿಪ್ಪೆ. ನಮ್ಮ ಅಜ್ಜಂದಿರ ದೀಪದೆಣ್ಣೆಗೆ ವಿಜ್ಞಾನದ ಮೊಹರು ಬಿತ್ತು, ಅಷ್ಟೆ.

ಈ ಬೇಸಿಗೆಯಲ್ಲಿ ಹಳ್ಳಿ ರಸ್ತೆಯೊಂದರ ಪಕ್ಕ ಅಜ್ಜಿಯೊಬ್ಬರು ಗೋಣಿಚೀಲ ಹಾಸಿಕೊಂಡು ಹೊಂಗೆಕಾಯಿ ಬಡಿಯುತ್ತಾ ಕೂತಿದ್ದರು. ಮಾತಿಗೆ ಎಳೆದೆ. 'ಮೊದ್ಲು ಇಲ್ಲಿಂದ ಆ ಸೇತುವೆ ಗಂಟ ಮರ ಇದ್ವು ಸ್ವಾಮಿ. ನಾವು ನಾಕು ಜನ ಹೆಂಗಸ್ರು ಭಾಗ ಹಂಚ್ಕೊಂಡು ಆರಿಸ್ತಿದ್ವಿ. ಈಗ ಮೂರೇ ಮರ ಉಳ್ಕಂಡಿರೋದು, ನಾನೊಬ್ಳೇ ಬತ್ತೀನಿ' ಅಂದರು. ಹೊಸದಾಗಿ ಗಿಡ ಹಾಕಿದಾರಲ್ಲ ಅಜ್ಜಿ, ಅಂದೆ. 'ಹಾಕವ್ರೆ. ಹೂವು ಬುಡ್ತವಂತೆ. ಹೂವ ತಗಂಡು ನಾನೇನು ಮಾಡ್ಲಪ್ಪ, ಮುಡ್ಕೊಳಕ್ಕೂ ಬರಾಕಿಲ್ಲ' ಅಂತ ನಕ್ಕು ಮತ್ತೆ ಕಾಯಿ ಬಡಿಯತೊಡಗಿದರು.

ಬಜೆಟ್ಟಿನಲ್ಲಿ, ಡಿ.ಪಿ.ಆರ್.ನಲ್ಲಿ, ಪರಿಹಾರದ ಪಟ್ಟಿಯಲ್ಲಿ ಎಲ್ಲೂ ಈ ಅಜ್ಜಿ ಇಲ್ಲ. ಜಮೀನು ಹೋದವನಿಗೆ ದುಡ್ಡು ಬರುತ್ತದೆ, ಅಂಗಡಿ ಹೋದವನು ಕೋರ್ಟಿಗಾದರೂ ಹೋಗುತ್ತಾನೆ. ರಸ್ತೆ ಪಕ್ಕದ ಮರದ ಬೀಜ ಆರಿಸಿ ಬದುಕಿದವರ ನಷ್ಟ ಯಾರ ಪುಸ್ತಕದಲ್ಲೂ ಬರುವುದಿಲ್ಲ.

ಹುಣಸೆಯದೂ ಇದೇ ಕತೆ, ಸ್ವಲ್ಪ ದೊಡ್ಡ ಮೊತ್ತದ್ದು. ರಸ್ತೆ ಬದಿಯ, ಗುಂಡುತೋಪಿನ ಹುಣಸೆಮರಗಳ ಫಸಲನ್ನು ಹರಾಜು ಹಾಕಿ ಪಂಚಾಯಿತಿಗಳು ನಾಲ್ಕು ಕಾಸು ಕಂಡದ್ದು ಹಳಬರಿಗೆ ಗೊತ್ತು. ಹಣ್ಣು ಸಾರಿಗೆ, ಕಟ್ಟಿಗೆ ಗಾಣಕ್ಕೆ, ಮಾಂಸದಂಗಡಿಯ ಕೊರಡಿಗೆ. ಬೀಜವನ್ನೂ ಬಿಡುತ್ತಿರಲಿಲ್ಲ. ಹುರಿದು, ಬೀಸಿ, ಅಂಬಲಿ ಮಾಡಿ ಕಂಬಳಿಗೆ ಬಳಿದರೆ ಅದೇ ಗಂಜಿ. ಶಿರಾ, ಚಳ್ಳಕೆರೆ ಸೀಮೆಯ ಕುರುಬರ ಕಂಬಳಿಗೆ ಆ ಬಿಗುವು ಬರುವುದು ಹುಣಸೆಬೀಜದಿಂದ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆತೋಪನ್ನು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಅಲ್ಲಿ ಹುಣಸೆಗೆ ಪಾರಂಪರಿಕ ಪಟ್ಟ, ಇಲ್ಲಿ ಅದೇ ಹುಣಸೆಗೆ ಬುಲ್ಡೋಜರ್.

ಬೇವಿನ ಉಪಯೋಗ ಪಟ್ಟಿ ಮಾಡಲು ಹೊರಟರೆ ಪತ್ರಿಕೆ ಸಾಲದು. ಎರಡು ಸಂಗತಿ ಮಾತ್ರ ಹೇಳುತ್ತೇನೆ. ಬೇವಿನೆಣ್ಣೆಯಿಂದ ಬೂಷ್ಟು ತಡೆಯುವ ವಿಧಾನಕ್ಕೆ ಅಮೆರಿಕದ ಕಂಪನಿಯೊಂದು ಅಲ್ಲಿನ ಕೃಷಿ ಇಲಾಖೆಯ ಜೊತೆ ಸೇರಿ ಯೂರೋಪಿನಲ್ಲಿ ಪೇಟೆಂಟ್ ಪಡೆದಿತ್ತು. ಇದು ಹೊಸದೇನಲ್ಲ, ಭಾರತದ ರೈತರಿಗೆ ಮೊದಲೇ ಗೊತ್ತಿದ್ದದ್ದು ಅಂತ ವಾದ ನಡೆದು 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಇನ್ನೊಂದು, 2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ ಮಾಡಿತು. ಅಂದರೆ ಬೇವಿನ ಬೀಜಕ್ಕೆ ಗಿರಾಕಿ ಇದೆ. ಹೀಗಿರುವಾಗ ರಸ್ತೆಗೆ ಯಾವ ಮರ ಅಂತ ಕೇಳಿದರೆ 'ಹೂವಿನದ್ದು' ಅನ್ನುವುದು ಏತಕ್ಕೆ?

ಹೂವಿನ ಮರಗಳ ಮೇಲೆ ದ್ವೇಷ ಬೇಡ

ಇಷ್ಟು ಓದಿ ಕೆಲವರು ನನ್ನನ್ನು ಹೂವಿನ ವೈರಿ ಅಂದುಕೊಂಡಾರು. ಹಾಗೇನಿಲ್ಲ. ಬೆಂಗಳೂರಿಗೆ ಆ ಬಣ್ಣ ಬಂದದ್ದರ ಹಿಂದೆ ಒಬ್ಬ ದೊಡ್ಡ ಮನುಷ್ಯನ ಯೋಚನೆ ಇತ್ತು. ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಬರೋಡಾದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಒಂದು ಜಾತಿ ಮರದ ಹೂವು ಮುಗಿಯುವಾಗ ಇನ್ನೊಂದು ಅರಳಬೇಕು, ವರ್ಷವಿಡೀ ಊರಿನಲ್ಲಿ ಎಲ್ಲೋ ಒಂದು ಕಡೆ ಬಣ್ಣ ಇರಬೇಕು ಅಂತ ಲೆಕ್ಕ ಹಾಕಿ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಅದೇ ನಗರದಲ್ಲಿ ಸುಮಾರು 15 ಲಕ್ಷ ಗಿಡ ಬೆಳೆಸಿದರು. ಅವರು ನೆಟ್ಟದ್ದರಲ್ಲಿ ಹೂವಿನ ಮರವೂ ಇತ್ತು, ಹೊಂಗೆಯಂಥ ನಾಡಮರವೂ ಇತ್ತು. ಅಲ್ಲಿ ಯೋಜನೆ ಇತ್ತು ಸ್ವಾಮಿ. ಜಿಲ್ಲೆಗೆ ಬರುವ ಹೊತ್ತಿಗೆ ಯೋಜನೆ ದಾರಿಯಲ್ಲೇ ಇಳಿದುಹೋಗಿ, ಬರೀ ಬಣ್ಣ ಮಾತ್ರ ಬಂದು ಸೇರಿತು. ಬೆಂಗಳೂರಿನವರು ಉಟ್ಟ ಸೀರೆಯೇ ಬೇಕು ಅನ್ನುವ ಚಟ ನಮ್ಮದು.

ಇನ್ನೊಂದು ಮಾತು. ಹೊರದೇಶದ್ದೆಲ್ಲ ಕೆಟ್ಟದ್ದು, ಊರಿನದ್ದೆಲ್ಲ ಒಳ್ಳೆಯದು ಎಂದು ಮರಗಳಿಗೂ ಜಾತಿ ಸರ್ಟಿಫಿಕೇಟ್ ಕೇಳುವವರಿದ್ದಾರೆ. ಅವರು ಸ್ವಲ್ಪ ತಡೆಯಬೇಕು. ಮೇಲೆ ಹೊಗಳಿದೆನಲ್ಲ ಹುಣಸೆ, ಅದರ ಮೂಲ ಆಫ್ರಿಕಾ. ಯಾವ ಕಾಲಕ್ಕೆ ಬಂತೋ, ಈಗ ನಮ್ಮ ಸಾರಿನಲ್ಲಿ, ಗಾದೆಯಲ್ಲಿ, ದೆವ್ವದ ಕತೆಯಲ್ಲಿ ಎಲ್ಲ ಸೇರಿಹೋಗಿದೆ. ಶಿವನ ಗುಡಿ ಮುಂದೆ ಕೈಮುಗಿದು ನೋಡುವ ನಾಗಲಿಂಗಪುಷ್ಪದ ಮರ ದಕ್ಷಿಣ ಅಮೆರಿಕದ್ದು. ಹೂವಿನ ಆಕಾರ ನೋಡಿದ ನಮ್ಮ ಭಕ್ತರು ಅದನ್ನು ಒಳಗೆ ಕರೆದುಕೊಂಡರು. ಹಾಗಾಗಿ ಪ್ರಶ್ನೆ ಎಲ್ಲಿಂದ ಬಂತು ಅನ್ನುವುದಲ್ಲ. ಇಲ್ಲಿ ಯಾರಿಗೆ ಏನು ಕೊಡುತ್ತದೆ, ಯಾವ ಜಾಗಕ್ಕೆ ಹೊಂದುತ್ತದೆ ಅನ್ನುವುದು.

ಈ ಪ್ರಶ್ನೆ ಹಿಡಿದು ನೋಡಿ. ಮಡಗಾಸ್ಕರ್‌ನ ಗುಲ್‌ಮೊಹರ್ ಶಾಲೆಯ ದೊಡ್ಡ ಮೈದಾನದ ಮೂಲೆಯಲ್ಲಿ ಇದ್ದರೆ ಲಕ್ಷಣ. ಬೇರು ಮೇಲೆ ಮೇಲೆ ಹರಡುವ, ಕೊಂಬೆ ಬೇಗ ಮುರಿಯುವ ಆ ಮರವನ್ನು ಇಕ್ಕಟ್ಟಿನ ಫುಟ್‌ಪಾತಿನಲ್ಲಿ ನೆಟ್ಟು, ಮಳೆಗಾಲದಲ್ಲಿ ಕಾರಿನ ಮೇಲೆ ಬಿತ್ತು ಅಂತ ಮರವನ್ನೇ ಬೈಯುವುದು ಯಾವ ನ್ಯಾಯ? ಅಮೆರಿಕ ಖಂಡದ ಮಳೆಮರ ಅಗಲವಾದ ನೆರಳು ಕೊಡುತ್ತದೆ, ಸರಿ. ಅದಕ್ಕೆ ಅರ್ಧ ಬೀದಿ ಬೇಕು. ಆಫ್ರಿಕದಿಂದ ಬಂದ ನೀರುಕಾಯಿ ಮರ ಹುಡುಗರ ಪಿಚಕಾರಿಗೆ ಚೆನ್ನ, ಗಾಳಿಗೆ ನಂಬುವ ಹಾಗಿಲ್ಲ. ಕೋನೋಕಾರ್ಪಸ್ ಎಂಬ ಗಿಡದ ಮಾತು ಬೇರೆಯೇ. ಬೇಗ ಹಸಿರಾಗುತ್ತದೆ, ದನ ತಿನ್ನುವುದಿಲ್ಲ ಅಂತ ದೇಶದ ಎಷ್ಟೋ ನಗರಗಳಲ್ಲಿ ಸಾಲುಸಾಲಾಗಿ ತಂದು ನಿಲ್ಲಿಸಿದರು. ಬೇರು ನೀರಿನ ಪೈಪು, ಕೇಬಲ್ಲುಗಳಿಗೆ ನುಗ್ಗುತ್ತದೆ, ಪರಾಗದಿಂದ ಉಬ್ಬಸದವರಿಗೆ ತೊಂದರೆ ಎಂಬ ದೂರು ಬಂದು 2023ರಲ್ಲಿ ಗುಜರಾತ್, 2025ರಲ್ಲಿ ತಮಿಳುನಾಡು ಅದನ್ನು ನೆಡುವುದನ್ನು ನಿಷೇಧಿಸಿದವು. ಬೇರೆಯವರು ದುಡ್ಡು ಕೊಟ್ಟು ಕಲಿತ ಪಾಠ. ನಾವು ಪುಕ್ಕಟೆ ಕಲಿಯಬಹುದು.

ಹೂವೇ ಬೇಕು ಅನ್ನುವವರಿಗೆ ನಮ್ಮ ಕಾಡಿನಲ್ಲೇ ಏನು ಕಮ್ಮಿ? ಏಪ್ರಿಲ್, ಮೇನಲ್ಲಿ ಕಕ್ಕೆ ಮರ ನೋಡಿದ್ದೀರಾ? ಚಿನ್ನದ ಝಲ್ಲಿ ತೂಗುಹಾಕಿದ ಹಾಗೆ. ಅದರ ಉದ್ದನೆಯ ಕಾಯಿಯ ತಿರುಳು ಮಲಬದ್ಧತೆಗೆ ಹಳೇ ಔಷಧಿ. ಹೊಳೆದಾಸವಾಳ ನೇರಳೆ ಬಣ್ಣಕ್ಕೆ ಜಕರಂದಕ್ಕಿಂತ ಒಂದು ಕೈ ಹೆಚ್ಚೇ. ಮುತ್ತುಗ ಫೆಬ್ರವರಿ, ಮಾರ್ಚಿನಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದ ಹಾಗೆ ಅರಳುತ್ತದೆ. ಎಲೆಯಲ್ಲಿ ಊಟದ ಎಲೆ ಹಚ್ಚುತ್ತಾರೆ, ಹೂವಿನಲ್ಲಿ ಓಕುಳಿಯ ಬಣ್ಣ ತೆಗೆಯುತ್ತಾರೆ. ಬಕುಳ ಎಲೆ ಉದುರಿಸಿ ಬೋಳಾಗುವುದೇ ಇಲ್ಲ. ಗಟ್ಟಿ ಮರ, ಬಿದ್ದ ಹೂವು ಒಣಗಿದರೂ ಘಮಘಮ. ಅಜ್ಜಿ ಹೇಳಿದ ಹಾಗೆ ಮುಡಿಯುವುದಕ್ಕೂ ಬರುತ್ತದೆ. ಇನ್ನು ಒಣ ಸೀಮೆಗೆ ಬೇಕಾದರೆ ಶಿರಾ ಕಡೆ ಬುಕ್ಕಾಪಟ್ಟಣದ ಕಾಡಿನಲ್ಲಿ ಕಮರ ಇದೆ. ಮಳೆ ಕೈಕೊಟ್ಟರೂ ಕಲ್ಲುನೆಲದಲ್ಲಿ ನಿಲ್ಲುವ ಮರ, ಸೊಪ್ಪು ದನಕ್ಕೆ ಮೇವು, ನಾರು ಹಗ್ಗಕ್ಕೆ, ಕಟ್ಟಿಗೆ ಕಬ್ಬಿಣದಷ್ಟು ಭಾರ. ಇದನ್ನು ರಸ್ತೆ ಬದಿಗೆ ತರಬೇಕು ಅಂತ ಯಾರಿಗಾದರೂ ಹೊಳೆದಿದೆಯೇ?

ಜಿಲ್ಲೆಗೆ ಇದು ಹೊಸ ಜಗಳವಲ್ಲ

ಯಾವ ಗಿಡ ಅನ್ನುವ ಪ್ರಶ್ನೆಗೆ ನಮ್ಮ ಜಿಲ್ಲೆ ಒಮ್ಮೆ ದೇಶಕ್ಕೇ ಕೇಳುವ ಹಾಗೆ ಉತ್ತರ ಕೊಟ್ಟಿತ್ತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ನುಗ್ಗುತ್ತಿದ್ದ ಕಾಲ. 1983ರ ಆಗಸ್ಟಿನಲ್ಲಿ ರೈತ ಸಂಘದ ಹಸಿರು ಟವೆಲಿನ ಜನ ತುಮಕೂರು ಜಿಲ್ಲೆಯ ನರ್ಸರಿಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತು ಸುಮ್ಮನೆ ಬರಲಿಲ್ಲ, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. ಕಾನೂನು ಕೈಗೆ ತೆಗೆದುಕೊಂಡರು ಅಂತ ಕೆಲವರು ಬೈದರು. ಆದರೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಹೊರಡಿಸಿತು. ರೈತರಿಗೆ ಒಂದೇ ದಿನಕ್ಕೆ ಅರ್ಥವಾದದ್ದು ವಿಧಾನಸೌಧಕ್ಕೆ ಮುಟ್ಟಲು 34 ವರ್ಷ ಹಿಡಿಯಿತು.

ಸಾಲುಮರದ ತಿಮ್ಮಕ್ಕನೂ ಹುಟ್ಟಿದ್ದು ನಮ್ಮ ಗುಬ್ಬಿ ತಾಲೂಕಿನಲ್ಲೇ. ಮಾಗಡಿ ತಾಲೂಕಿನ ಹುಲಿಕಲ್ಲಿಗೆ ಮದುವೆಯಾಗಿ ಹೋದವರು. ಓದು ಬರಹ ಇರಲಿಲ್ಲ. ಹುಲಿಕಲ್ ಕುದೂರು ನಡುವಿನ ದಾರಿಗೆ ಗಂಡ ಹೆಂಡತಿ ಆರಿಸಿಕೊಂಡದ್ದು ಆಲವನ್ನು. ಅದರಲ್ಲಿ ಒಂದು ಲೆಕ್ಕ ಇತ್ತು. ಆಲ ಆ ನೆಲಕ್ಕೆ ಒಗ್ಗಿದ ಮರ, ಕೊಂಬೆ ನೆಟ್ಟರೂ ಚಿಗುರುತ್ತದೆ, ಒಮ್ಮೆ ನೆಲ ಹಿಡಿದರೆ ನೂರಾರು ವರ್ಷಕ್ಕೆ ನೆರಳು, ಹಣ್ಣು ಹಕ್ಕಿಗೆ, ಸೊಪ್ಪು ಆಡಿಗೆ. ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಹೋಗುತ್ತವೆ ಎಂಬ ಸುದ್ದಿಯೂ ಬಂತು. ಮುದುಕಿ ಸರ್ಕಾರದ ಬಾಗಿಲಿಗೆ ಹೋಗಿ ಕೇಳಬೇಕಾಯಿತು. ಮರ ಉಳಿಸುತ್ತೇವೆ ಅಂತ ಮಾತು ಕೊಟ್ಟರು. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡಾಗ ದೊಡ್ಡ ದೊಡ್ಡವರೆಲ್ಲ ಹೂವಿನ ಹಾರ ಹಾಕಿದರು. ಪದ್ಮಶ್ರೀ ಇದ್ದವರ ಮರಕ್ಕೇ ಈ ಪಾಡಾದರೆ, ಹೆಸರಿಲ್ಲದವರು ನೆಟ್ಟ ಹೊಂಗೆ, ಹಿಪ್ಪೆಗಳ ಪರವಾಗಿ ಯಾರು ಹೋಗಿ ಕೇಳುತ್ತಾರೆ?

ಹಿಪ್ಪೆ ಅಂದಾಗ ನೆನಪಾಯಿತು. ಹಿಪ್ಪೆಯ ಹೂವು ಸಿಹಿ, ಬೀಜದೆಣ್ಣೆ ಗುಡಿಯ ದೀಪಕ್ಕೆ, ಕೆಲವರ ಒಗ್ಗರಣೆಗೂ. ಒಂದೊಂದು ಊರಿಗೆ ಹಿಪ್ಪೆತೋಪು ಎಂಬ ಹೆಸರು ಉಳಿದಿದೆ, ಒಳಗೆ ಹೋಗಿ ನೋಡಿದರೆ ಸೈಟು ಮಾಡಿದ್ದಾರೆ. ಈಗ ಹಿಪ್ಪೆ ಸಸಿ ಬೇಕು ಅಂದರೆ ನರ್ಸರಿಯವರು ಮುಖ ನೋಡುತ್ತಾರೆ. ನಿಧಾನವಾಗಿ ಬೆಳೆಯುವ ಜಾತಿ. ಒಂದೇ ವರ್ಷಕ್ಕೆ ಎದೆಯೆತ್ತರ ಬೆಳೆದು ಬಿಲ್ ಪಾಸಾಗಬೇಕು ಅನ್ನುವ ಕಂಟ್ರಾಕ್ಟಿಗೆ ಅದು ಆಗಿಬರುವುದಿಲ್ಲ. ಅಸಲು ಗಂಟು ಇರುವುದೇ ಇಲ್ಲಿ. ಅಧಿಕಾರಿಗೆ ನಾಡಮರದ ಮೇಲೆ ಕೋಪವೂ ಇಲ್ಲ, ಟಬೂಬಿಯಾದ ಮೇಲೆ ಮೋಹವೂ ಇಲ್ಲ. ಲೆಕ್ಕ ಕೊಡಬೇಕಾದ್ದು ಮಾರ್ಚಿ ಕೊನೆಗೆ. ಮಾರ್ಚಿ ಕೊನೆಗೆ ಎತ್ತರ ಕಾಣುವ ಗಿಡ ಬೇಕು, ಸುಲಭಕ್ಕೆ ಸಿಗಬೇಕು, ಅಷ್ಟೆ. ಇಪ್ಪತ್ತು ವರ್ಷದ ಮೇಲೆ ಆ ಅಧಿಕಾರಿ ಎಲ್ಲಿರುತ್ತಾನೋ, ಮರದ ಕೆಳಗೆ ನಿಲ್ಲುವವರು ನಾವು.

ಹಾಗಾದರೆ ಮಾಡಬೇಕಾದ್ದೇನು? ಮರ ಕಡಿಯುವ ಪ್ರಕಟಣೆ ಬಂದಾಗ 'ಕಡಿಯಬೇಡಿ' ಅಂತ ಅರ್ಜಿ ಬರೆಯುವ ಸಂಘ ಸಂಸ್ಥೆಗಳು ಎಲ್ಲ ಊರಲ್ಲೂ ಇವೆ. ಅದರ ಜೊತೆಗೆ ಇನ್ನೊಂದು ಸಾಲು ಬರೆಯಲಿ: ಹೋಗುವ ಮರಗಳ ಜಾತಿವಾರು ಪಟ್ಟಿ ಕೊಡಿ, ಬದಲಿಗೆ ನೆಡುವ ಸಸಿಗಳ ಜಾತಿವಾರು ಪಟ್ಟಿ ಅದರ ಪಕ್ಕದಲ್ಲೇ ಕೊಡಿ. ಹೊಂಗೆ ಹೋದರೆ ಹೊಂಗೆ ಬರಲಿ, ಹುಣಸೆ ಹೋದರೆ ಹುಣಸೆಗೆ ಜಾಗ ಎಲ್ಲಿ ಅಂತ ತೋರಿಸಲಿ. ಆಲ, ಅರಳಿ, ಬಸರಿಗಳನ್ನು ಬೇರು ಸಮೇತ ಎತ್ತಿ ಬೇರೆ ಕಡೆ ನೆಟ್ಟರೆ ಬದುಕುವುದುಂಟು. ಅಂಥವನ್ನು ಗರಗಸಕ್ಕೆ ಕೊಡುವ ಮೊದಲು ಆ ದಾರಿ ನೋಡಲಿ. ಡಿವೈಡರ್ ಮೇಲೆ, ಕರೆಂಟು ತಂತಿಯ ಕೆಳಗೆ ದೊಡ್ಡ ಮರ ಯಾವುದೂ ಬೇಡ, ಅಲ್ಲಿ ಹೂವಿನ ಪೊದೆ ಇರಲಿ, ನನ್ನ ಅಭ್ಯಂತರ ಇಲ್ಲ. ಬಸ್ ಸ್ಟಾಪು, ಸಂತೆಮಾಳ, ಆಸ್ಪತ್ರೆ, ಶಾಲೆ ಇರುವ ಕಡೆ ಮಾತ್ರ ಏಪ್ರಿಲ್ಲಿನಲ್ಲಿ ಎಲೆ ಇರುವ ಮರ ಬೇಕು.

ಈ ಕೆಲಸಕ್ಕೆ ಕಾಸು ಕಮ್ಮಿ, ಹೊತ್ತು ಮಾತ್ರ ನೋಡಿಕೊಳ್ಳಬೇಕು. ಹೊಂಗೆ ಬೀಜ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಕೆಡದು. ಬೇವು ಹಾಗಲ್ಲ. ಅದರ ಹಣ್ಣು ಉದುರುವುದು ಈಗ, ಜೂನ್ ಜುಲೈನಲ್ಲಿ. ತಿರುಳು ತೊಳೆದು ನೆರಳಲ್ಲಿ ಆರಿಸಿ ಕೆಲವೇ ವಾರದೊಳಗೆ ಪಾಕೆಟಿಗೆ ಹಾಕದಿದ್ದರೆ ಹೆಚ್ಚಿನವು ಮೊಳೆಯುವುದಿಲ್ಲ. ಮುಂದಿನ ವರ್ಷದ ಫೋಟೋಕ್ಕೆ ಬೇವಿನ ಸಸಿ ಬೇಕಿದ್ದರೆ ನರ್ಸರಿಯವರು ಈ ವಾರವೇ ಮರದ ಕೆಳಗೆ ಬುಟ್ಟಿ ಹಿಡಿಯಬೇಕು.